ಬಚ್ಚಲಿನ ಬಾಣಂತಿ

ಮನೆಯ ಬೆಕ್ಕು ಬಚ್ಚಲಿನ ಬಟ್ಟೆ ಬುಟ್ಟಿಯಲ್ಲಿ ಮೂರು ಮರಿ ಹಾಕಿದ್ದೇ ಗಡಿಯಾರಪ್ಪನ ಕಷ್ಟಕ್ಕೆಲ್ಲ ಮೂಲ. ಗಡಿಯಾರ ರಿಪೇರಿ ಮಾಡುವ ಆ ಸಾಧುಪ್ರಾಣಿಗೆ ಬೀದಿಯವರು ಇಟ್ಟ ಹೆಸರದು.

“ಅಪ್ಪಾ, ಆ ಕಿವಿಹರುಕ ಗಂಡುಬೆಕ್ಕು ಕಿಟಕೀಲಿ ಇಣುಕ್ತಿತ್ತು,” ಎಂದಳು ಶಾಲೆಗೆ ಹೊರಟ ಮಗಳು. “ನಾನು ಬರೋಷ್ಟ್ರಲ್ಲಿ ಮರಿಗಳಿಗೇನಾದ್ರೂ ಆದ್ರೆ ನಿನ್ನ ಜೊತೆ ಮಾತೇ ಬಿಡ್ತೀನಿ.”

ಗಡಿಯಾರಪ್ಪ ಅಂಗಡಿ ತೆರೆಯಲಿಲ್ಲ. ಪೊರಕೆ ಹಿಡಿದು ಬಚ್ಚಲ ಬಾಗಿಲಲ್ಲಿ ಕೂತ.

ಪಕ್ಕದ ಮನೆಯ ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ಕಾಂಪೌಂಡಿನಾಚೆಯಿಂದಲೇ ಪಾಠ ಶುರು. “ಮರಿ ಸತ್ರೆ ತಾಯಿ ಬೇಗ ಬೆದೆಗೆ ಬರ್ತಾಳೆ ಕಣಯ್ಯಾ. ಅದಕ್ಕೇ ಗಂಡು ಪರರ ಮರೀನ ಕೊಲ್ಲೋದು. ತನ್ನದಿರಬಹುದೇನೋ ಅನ್ನಿಸಿದ್ರೆ ಮುಟ್ಟಲ್ಲ. ತಾಯಂದಿರೂ ಕಿಲಾಡಿಗಳು, ನಾಲ್ಕಾರು ಗಂಡುಗಳ ಜೊತೆ ಸೇರಿರ್ತಾರೆ. ಎಲ್ಲರೂ ನನ್ನದೇ ಅಂದ್ಕೊಳ್ಳಲಿ ಅಂತ.”

“ನಮ್ಮ ಬೆಕ್ಕು ಅಂಥದ್ದಲ್ಲ ಮೇಷ್ಟ್ರೇ!” ಗಡಿಯಾರಪ್ಪನಿಗೆ ನಿಜಕ್ಕೂ ನೋವಾಯಿತು.

“ಹಾಗಾದ್ರೆ ಆ ಕಿವಿಹರುಕನ ವಾಸನೆ ಮರಿಗಳಿಗೆ ಹಚ್ಚು. ಹಿಟ್ಟಿನ ಗಿರಣೀಲಿ ಒಂದು ಗೋಣಿಚೀಲದ ಮೇಲೆ ಮಲಗ್ತಾನೆ. ಅದನ್ನ ತಗೊಂಡು ಬಾ.”

ಗಿರಣಿಯವನು ಇಲ್ಲದ ವೇಳೆ ನೋಡಿ ಗಡಿಯಾರಪ್ಪ ಗೋಣಿ ಎತ್ತಿದ. ನಾಯಿಗಳು ಅಟ್ಟಿಸಿಕೊಂಡು ಬಂದವು. ಗೋಣಿಯನ್ನು ಎದೆಗವಚಿ ಓಡಿಬಂದವನು ಮನೆ ಸೇರುವಷ್ಟರಲ್ಲಿ ತಲೆಯಿಂದ ಕಾಲಿನವರೆಗೆ ಗಂಡುಬೆಕ್ಕಿನಂತೆ ನಾರುತ್ತಿದ್ದ.

ಬಚ್ಚಲಿಗೆ ಕಾಲಿಟ್ಟನಷ್ಟೇ. ನಿನ್ನೆಯವರೆಗೆ ಅವನ ಕಾಲಿಗೆ ಮೈ ಉಜ್ಜುತ್ತಿದ್ದ ಬೆಕ್ಕು ಮುಖಕ್ಕೇ ಹಾರಿತು. ಕೆನ್ನೆ, ಕೈ ಪರಚಿಸಿಕೊಂಡು ಬದುಕಿದೆಯಾ ಬಡಜೀವವೇ ಎಂದು ಅಂಗಳಕ್ಕೆ ಓಡಿದ. ಅದೇ ಹೊತ್ತಿಗೆ ಕಿವಿಹರುಕ ಬಚ್ಚಲ ಕಿಟಕಿಯಿಂದ ಒಳಗೆ ಧುಮುಕಿತು.

“ಅಯ್ಯೋ, ಮರಿ!” ಗಡಿಯಾರಪ್ಪ ಅತ್ತ ಓಡಿದ. ಕಿಟಕಿಯಲ್ಲಿ ಇಣುಕಿದ. ಕಿವಿಹರುಕ ಬುಟ್ಟಿ ಮೂಸಿ, ಆಕಳಿಸಿ, ಪಕ್ಕದಲ್ಲೇ ಮಲಗಿತು. ಬಾಣಂತಿ ಅದರ ಹಣೆ ನೆಕ್ಕಿದಳು.

ಅಷ್ಟರಲ್ಲಿ ಗಿರಣಿಯವನು ಕಂಕುಳಲ್ಲಿ ಒಂದು ಕಪ್ಪು ಗಡವ ಬೆಕ್ಕನ್ನು ಇಟ್ಟುಕೊಂಡು ಬಂದ. “ನೀವು ಎತ್ಕೊಂಡು ಓಡಿದ್ದನ್ನ ಬೀದಿಯೋರು ನೋಡಿದ್ರಂತೆ, ಗೋಣಿ ಕೊಡಿ ಸ್ವಾಮಿ. ಅದಿಲ್ದೆ ನಮ್ಮ ಕರಿಯ ಮಲಗಲ್ಲ.”

“ಅದು ಕಿವಿಹರುಕಂದಲ್ವಾ?”

“ಅವನಾ? ಎರಡು ತಿಂಗಳಿಂದ ನಿಮ್ಮ ಮನೆ ಸೂರಿನ ಮೇಲೇ ಅಲ್ವಾ ಅವನ ಸಂಸಾರ!”

ಸಂಜೆ ಮಗಳು ಬಂದು ಮರಿಗಳನ್ನು ನೋಡಿ ಕುಣಿದಳು. ಗಡಿಯಾರಪ್ಪ ಹಿಗ್ಗಿ ಅಂಗಳದಿಂದ ಒಳಗೆ ಹೋಗಲು ಹೆಜ್ಜೆ ಎತ್ತಿದ.

ಹೆಂಡತಿ ಮೂಗು ಮುಚ್ಚಿಕೊಂಡು ಕೂಗಿದಳು: “ಥೂ! ಸ್ನಾನ ಮಾಡ್ದೆ ಹೊಸಿಲು ದಾಟೀರಿ, ಜೋಕೆ!”

ಅವನು ಬಚ್ಚಲ ಕಡೆ ನೋಡಿದ. ಬಾಗಿಲಲ್ಲಿ ಬಾಣಂತಿ ಬೆನ್ನ ಕೂದಲು ನಿಮಿರಿಸಿ ಕೂತಿದ್ದಳು. ಈಗ ಪಕ್ಕದಲ್ಲಿ ಮರಿಗಳ ಅಪ್ಪನೂ ಇದ್ದ.