ಕತ್ತರಿ ಮತ್ತು ಏಳು ದಿನದ ಮಾತ್ರೆ

ಚೀಟಿಯಲ್ಲಿದ್ದದ್ದು ಒಂದೇ ಅಂಕಿ, ಏಳು. ಆಸ್ಪತ್ರೆಯ ಫಾರ್ಮಸಿಸ್ಟ್‌ಗೆ ಅದು ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಚುಚ್ಚಿತು.

ಆರನೇ ಹಾಸಿಗೆಯ ಅಜ್ಜನಿಗೆ ನ್ಯುಮೋನಿಯಾ. ಒಟ್ಟು ಐದು ದಿನದ ಆ್ಯಂಟಿಬಯೋಟಿಕ್ ಎಂದು ಡಾಕ್ಟರೇ ಬರೆದಿದ್ದರು. ಮೂರು ದಿನ ಇಂಜೆಕ್ಷನ್ ಆಗಿತ್ತು, ಜ್ವರ ಬಿಟ್ಟು ಎರಡು ದಿನವಾಗಿತ್ತು. ಮನೆಗೆ ಕಳಿಸುವಾಗ ಮಾತ್ರ ಡಾಕ್ಟರ ಕೈ ರೂಢಿಯಂತೆ ‘ಏಳು ದಿನ ಮಾತ್ರೆ’ ಎಂದು ಗೀಚಿತ್ತು. ಇಂಥ ಹೆಚ್ಚುವರಿಯನ್ನು ಹಿಡಿದು ಕತ್ತರಿಸುವವನಾದ್ದರಿಂದ ನರ್ಸುಗಳು ಈ ಫಾರ್ಮಸಿಸ್ಟ್‌ಗೆ ಇಟ್ಟ ಹೆಸರೇ ಕತ್ತರಿ. ಇನ್ನು ಮುಂದೆ ಕತ್ತರಿಯ ಸಹಿಯಿಲ್ಲದೆ ಯಾರ ಚೀಟಿಯೂ ಹೊರಹೋಗಕೂಡದು ಎಂಬ ನಿಯಮ ಬೇಕೋ ಬೇಡವೋ ನೋಡಲು ಅಂದು ಮುಖ್ಯ ವೈದ್ಯಾಧಿಕಾರಿಯೇ ವಾರ್ಡಿಗೆ ಬಂದಿದ್ದರು.

ಕತ್ತರಿ ಡಾಕ್ಟರಿಗೆ ಫೋನ್ ಮಾಡಿದ. “ಹೌದಲ್ರೀ! ಎರಡೇ ದಿನ ಸಾಕು,” ಎಂದ ಡಾಕ್ಟರು ಬಂದು ತಿದ್ದಿಯೂ ಹೋದರು.

ಅಜ್ಜನ ಸೊಸೆ ಸುಮ್ಮನಿರಬೇಕಲ್ಲ. “ಏಳಿದ್ದಿದ್ದು ಎರಡಾಯ್ತಾ? ನಮ್ಮ ಮಾವ ಅಂದ್ರೆ ಅಷ್ಟು ಸದರಾನಾ ನಿಮಗೆ?”

ಪಕ್ಕದ ಹಾಸಿಗೆಯ ಹೆಂಗಸು ಎದ್ದು ಕೂತಳು. “ಬಿಡಬೇಡ ಕಣಮ್ಮ! ನಂಗೆ ಹತ್ತು ದಿನ ಕೊಟ್ಟಿದಾರೆ.”

“ಅಕ್ಕ, ನಿಮ್ಮ ಕಾಯಿಲೆ ಬೇರೆ,” ಎಂದ ಕತ್ತರಿ.

“ಕಾಯಿಲೇಲೂ ಭೇದ ಮಾಡ್ತೀರಾ?”

ವಾರ್ಡು ಸಂತೆಯಾಯಿತು. “ಏಳು ಕೊಡೋ ತನಕ ನಾನು ಏಳಲ್ಲ,” ಎಂದು ಅಜ್ಜ ಮುಸುಕೆಳೆದರು. ಮುಖ್ಯ ವೈದ್ಯಾಧಿಕಾರಿ ಗಡಿಯಾರ ನೋಡಿದರು.

ಕತ್ತರಿ ಅಲುಗಲಿಲ್ಲ. “ಅಜ್ಜಾ, ಬೆಂಕಿ ಆರಿದ ಮೇಲೂ ನೀರು ಸುರೀತಿದ್ರೆ ಹಾಳಾಗೋದು ಮನೆ ಸಾಮಾನು. ಮಿಕ್ಕ ಮಾತ್ರೆ ಡಬ್ಬೀಲಿಡ್ತೀರಿ, ನೆಗಡಿಗೆಲ್ಲ ನುಂಗ್ತೀರಿ, ನಿಜವಾಗ್ಲೂ ಬೇಕಾದಾಗ ಅದು ಕೈ ಕೊಡುತ್ತೆ. ಈ ಎರಡು ದಿನದ್ದು ಒಂದೂ ತಪ್ಪಿಸಬೇಡಿ. ಮತ್ತೆ ಜ್ವರ ಬಂದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಇಲ್ಲಿಗೆ ಬನ್ನಿ.”

ಅಜ್ಜ ಮುಸುಕು ಸರಿಸಿದರು. “ಹಂಗೆ ಬಿಡಿಸಿ ಹೇಳಪ್ಪ ಮತ್ತೆ! ನಡಿಯಮ್ಮ, ಹೋಗೋಣ.”

ಮುಖ್ಯ ವೈದ್ಯಾಧಿಕಾರಿ ನಿಯಮದ ಹಾಳೆ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು. ಕತ್ತರಿ ಎದೆ ಸೆಟೆಸಿ ನಿಂತ.

ಸೊಸೆಯೂ ತಣ್ಣಗಾದಳು. “ಹೋಗ್ಲಿ ಬಿಡಿ ಅಣ್ಣ. ಕಮ್ಮಿ ಬಿದ್ರೆ ನಮ್ಮ ಬೀದಿ ತುದಿ ಮನೆ ಅಮ್ಮ ಇದಾರೆ. ಯಾರು ಕೆಮ್ಮಿದ್ರೂ ಇದೇ ಮಾತ್ರೆ ಕೊಡ್ತಾರೆ. ಅವರ ಅಳಿಯ ಯಾವುದೋ ಆಸ್ಪತ್ರೇಲಿ ಫಾರ್ಮಸಿಸ್ಟಂತೆ. ಹೋದ ತಿಂಗಳು ಗಂಟಲು ನೋವು ಅಂತ ತಗೊಂಡು, ಎರಡೇ ದಿನಕ್ಕೆ ಆರಾಮಾಯ್ತು ಅಂತ ಮಿಕ್ಕಿದ್ದೆಲ್ಲ ಅತ್ತೆ ಮನೇಲೇ ಬಿಟ್ಟುಹೋದನಂತೆ.”

ಕತ್ತರಿಯ ಕೈ ತಾನಾಗಿ ಗಂಟಲಿಗೆ ಹೋಯಿತು.

ಮುಖ್ಯ ವೈದ್ಯಾಧಿಕಾರಿ ಅದನ್ನು ನೋಡಿ ಪೆನ್ನಿಗೆ ಮುಚ್ಚಳ ಹಾಕಿದರು. “ಗಂಟಲು ಈಗ ಹೇಗಿದೆ? ಮೊದಲು ಆ ಮಾತ್ರೆಗಳು ನನ್ನ ಮೇಜಿಗೆ ಬರಲಿ. ಆಮೇಲೆ ನಿಯಮ.”

ಕತ್ತರಿ ಹೊರಗೋಡಿ ಅತ್ತೆಗೆ ಫೋನ್ ಮಾಡಿದ.

“ಅಯ್ಯೋ, ಡಬ್ಬಿ ಬೆಳಗ್ಗೆನೇ ಖಾಲಿ ಆಯ್ತು ಅಳಿಯಂದ್ರೇ,” ಎಂದರು ಅತ್ತೆ. “ನಿಮಗೆ ಮತ್ತೆ ಯಾವಾಗ ಗಂಟಲು ನೋವು ಬರುತ್ತೆ ಅಂತ ಬೀದಿಯವರೆಲ್ಲ ಕೇಳ್ತಿದಾರೆ.”