ಬಾಟಲಿ ಹಿಡಿದವಳ ಮೇಲೊಂದು ಕಣ್ಣು

ಕೈಯಲ್ಲಿ ಬಾಟಲಿ ಹಿಡಿದು ಕೆರೆ ದಂಡೆಯಲ್ಲಿ ಬಗ್ಗಿದ ಹೆಂಗಸನ್ನು ಶಿಕಾರಿಪುರ, ಸೊರಬದ ಕಡೆ ಯಾರೂ ಸುಮ್ಮನೆ ಬಿಡುವುದಿಲ್ಲ. ನಾನು ಸೊರಬದವಳೇ ಆದರೂ ನನಗೇನೂ ರಿಯಾಯಿತಿ ಸಿಕ್ಕಿಲ್ಲ.

ನಾನು ಹುಡುಕುವುದು ಸಿಲಿಯೇಟ್ ಎಂಬ ಒಂದೇ ಕೋಶದ ಜೀವಿಗಳನ್ನು. ಮೈಮೇಲಿನ ಕೂದಲು ಬಡಿದು ಈಜುತ್ತವೆ, ತಮಗಿಂತ ಸಣ್ಣದನ್ನು ತಿನ್ನುತ್ತವೆ, ದೊಡ್ಡದರ ಬಾಯಿಗೆ ಬೀಳುತ್ತವೆ. ಕೂದಲಿನ ಸಾಲು, ಬಾಯಿಯ ಆಕಾರ ನೋಡಿ ಯಾವುದು ಯಾವುದೆಂದು ಗುರುತಿಸಬೇಕು. ಕರಾವಳಿಯ ನೀರನ್ನು ವರ್ಷಗಟ್ಟಲೆ ಜಾಲಾಡಿದರೂ ನನಗೆ ಸಿಕ್ಕಿದ್ದೆಲ್ಲ ಬೇರೆಯವರು ಆಗಲೇ ಹೆಸರಿಟ್ಟವು. "ನಿಮ್ಮೂರ ಕೆರೆಗಳನ್ನಾದರೂ ನೋಡು. ಹೊಸ ಸಂಗತಿ ಒಂದೂ ಇಲ್ಲದಿದ್ದರೆ ನಿನ್ನ ಡಾಕ್ಟರೇಟಿಗೆ ನಾನು ಸಹಿ ಹಾಕಲಾರೆ" ಎಂದುಬಿಟ್ಟರು, ಮಂಗಳೂರು ಕಡೆಯ ನನ್ನ ಗೈಡು. ಬೇರೆ ದಾರಿಯಿಲ್ಲದೆ ಊರಿಗೆ ಬಂದೆ.

ಬಳ್ಳಿಗಾವಿಯ ಕೆಸರು

ಹಳೇ ದೇವಸ್ಥಾನಗಳಿರುವ ಊರಲ್ಲಿ ನೆಲ ನೋಡುತ್ತ ನಡೆದರೇ ನಿಧಿಯ ಅನುಮಾನ. ನಾನಂತೂ ಕೆಸರನ್ನೇ ಡಬ್ಬಿಗೆ ತುಂಬುತ್ತಿದ್ದೆ. ಒಬ್ಬ ಯಜಮಾನರು ಬಂದು ನಿಂತರು.

"ಏನ್ ಹುಡುಕ್ತೀರಿ?"

"ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಇರ್ತಾವೆ ಅಜ್ಜಾ, ಅವನ್ನ."

"ಕಾಣದಿದ್ದದ್ದನ್ನ ಹುಡುಕಾಕೆ ಇಷ್ಟು ದೂರ ಬಂದ್ರಾ? ನಿಜ ಹೇಳ್ರಿ."

ಹೇಳಿದ್ದೇ ನಿಜ ಎಂದು ಎಷ್ಟು ಸಾಧಿಸಿದರೂ ನಂಬಲಿಲ್ಲ. ಮುಂದಿನ ವಾರ ಹೋದರೆ ನಾನು ಕೆಸರು ತೆಗೆದಿದ್ದ ಜಾಗದಲ್ಲಿ ಆಳುದ್ದ ಗುಂಡಿ. ಪಕ್ಕದಲ್ಲೇ ಅದೇ ಯಜಮಾನರು, ಮೊಣಕಾಲವರೆಗೆ ಕೆಸರು.

"ಏನೂ ಸಿಗ್ಲಿಲ್ರಿ. ಇದ್ದದ್ದನ್ನ ನೀವು ಹೋದ ವಾರಾನೇ ಒಯ್ದೀರಿ."

ಕ್ಯಾಸನೂರಿನ ಷರತ್ತು

ಇಲ್ಲಿ ಬಾಟಲಿ ನೋಡಿದ ಕೂಡಲೇ ಜನರಿಗೆ ನೆನಪಾಗುವುದು ಮಂಗನ ಕಾಯಿಲೆ, ಡಾಕ್ಟರುಗಳ ಪುಸ್ತಕದಲ್ಲಿ ಇದೇ ಊರಿನ ಹೆಸರು ಹೊತ್ತದ್ದು. ಹೊಂಡದ ಬಳಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಮ್ಮ ಕೈ ನಿಲ್ಲಿಸಿ, ನಾನು ಚೀಟಿಯ ಮೇಲೆ ಊರಿನ ಹೆಸರು ಬರೆದು ಬಾಟಲಿಗೆ ಅಂಟಿಸುವುದನ್ನೇ ನೋಡುತ್ತಿದ್ದರು.

"ಇದ್ರಾಗೆ ಹೊಸಾದು ಸಿಕ್ರೆ ಅದಕ್ಕೂ ಹೆಸರಿಡ್ತಾರಾ?"

"ಇಡ್ತಾರಮ್ಮ."

"ಒಂದು ಕಾಯಿಲೆಗೆ ನಮ್ಮೂರ ಹೆಸರಿಟ್ಟು ಊರಿಗೇ ಹೆಣ್ಣು ಕೊಡಾಕೆ ಹೆದರೋ ಹಂಗೆ ಮಾಡಿದ್ರು. ನಿಮಗೆ ಏನೇ ಸಿಗ್ಲಿ, ಪಕ್ಕದೂರಾಗೆ ಸಿಕ್ತು ಅಂತ ಬರ್ಕೊಳ್ರಿ."

ಸಿಕ್ಕಿದ್ದೆಲ್ಲ ಎಲ್ಲ ಕೆರೆಯಲ್ಲೂ ಇರುವಂಥದ್ದು. ಅದಕ್ಕೆ ನಮ್ಮಿಬ್ಬರಲ್ಲಿ ಖುಷಿಪಟ್ಟವರು ಆ ಅಮ್ಮ ಒಬ್ಬರೇ.

ಆನವಟ್ಟಿಯ ಪವಾಡ

ಆನವಟ್ಟಿ ಹತ್ತಿರದ ಕೆರೆಯಲ್ಲಿ ನೀರು ತುಂಬುವಾಗ ಯಾರೋ ಬೈಕ್ ನಿಲ್ಲಿಸಿ ಪಕ್ಕದಲ್ಲೇ ಬಕೆಟ್ ನೀರು ಚೆಲ್ಲಿದ ಸದ್ದಾಯಿತು. ಇನ್ನೊಬ್ಬರ ವಿಚಾರಣೆಗೆ ಉತ್ತರ ಕೊಡುವ ತಾಳ್ಮೆ ಇರಲಿಲ್ಲ, ತಿರುಗಲಿಲ್ಲ. ದಂಡೆಯ ಮೇಲೇ ಮೈಕ್ರೋಸ್ಕೋಪಿಗೆ ಒಂದು ಹನಿ ಇಟ್ಟೆ. ಕಣ್ಣುಜ್ಜಿ ಮತ್ತೆ ನೋಡಿದೆ. ಕಡಲಲ್ಲಿ ಮಾತ್ರ ಬದುಕುವ ಸಿಲಿಯೇಟು ಇಲ್ಲಿ ಈಜುತ್ತಿದೆ!

ಫೋನಿನಲ್ಲಿ ಗೈಡು ಕೇಳಿದ ಮೊದಲ ಪ್ರಶ್ನೆ: "ಸಮುದ್ರದಲ್ಲಿ ಅದ್ದಿದ ಬಾಟಲಿ ಸರಿಯಾಗಿ ತೊಳೆದಿದ್ದೀಯಾ?" ಹೊಸ ಬಾಟಲಿ ಸಾರ್ ಎಂದರೂ ನಂಬದೆ, ತಾವೇ ಬಸ್ಸು ಹತ್ತಿ ಬಂದರು.

ಅದೇ ದಂಡೆಯಲ್ಲಿ ಅವರೆದುರು ಹನಿ ಮೇಲೆ ಹನಿ ನೋಡಿದೆ. ಕಡಲಿನದು ಒಂದೂ ಇಲ್ಲ. ಅವರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಡಾಕ್ಟರೇಟ್ ಮುಗಿದೇಹೋಗಿತ್ತು. ಅಳು ಬಂತು.

ಅಷ್ಟರಲ್ಲಿ ಒಂದು ಬೈಕ್ ಬಂತು. ಹಿಂದೆ ಮೀನಿನ ಪೆಟ್ಟಿಗೆ, ಬಕೆಟ್ಟು. ಸವಾರ ನಮ್ಮ ಬಾಟಲಿಗಳನ್ನು ನೋಡಿದ್ದೇ, ಮೀನು ತಪಾಸಣೆಗೆ ಬಂದವರೆಂದು ಗಾಬರಿಬಿದ್ದು, ಬಕೆಟ್ಟಿನ ಏಡಿಗಳನ್ನು ಗೋಣಿಚೀಲಕ್ಕೆ ಸುರುವಿ ನೀರನ್ನು ನಮ್ಮ ಪಕ್ಕದಲ್ಲೇ ಕೆರೆಗೆ ಚೆಲ್ಲಿದ.

"ಆಫೀಸರಿಗೆ ಹೆದರಿ ಚೆಲ್ಲಿದ್ದಲ್ಲ ಸಾರ್. ಏಡಿ ಸಾಯಬಾರ್ದು ಅಂತ ಕಡಲ ನೀರಾಗೇ ತರ್ತೀನಿ. ಹೋದ ಸಲ ಈ ಮೇಡಂ ಬಂದಾಗ್ಲೂ ಚೆಲ್ಲಿದ್ದೆ, ಏನೂ ಅನ್ನಲಿಲ್ಲ."

ಗೈಡು ಮೈಕ್ರೋಸ್ಕೋಪನ್ನು ತಮ್ಮತ್ತ ಎಳೆದುಕೊಂಡರು. ಆ ಜಾಗದ ನೀರನ್ನು ಹನಿಸಿ ಕಣ್ಣಿಟ್ಟು ಕೂತರು. ಅದನ್ನು ನೋಡಿ ಬೈಕಿನವನ ಭಯ ಇನ್ನಷ್ಟು ಹೆಚ್ಚಿತು.

"ಮೀನು ಕೆಡಬಾರ್ದು ಅಂತ ಔಷಧಿ ಗಿವುಷಧಿ ಹಾಕಾಕಿಲ್ಲ ಸಾರ್. ಆಣೆ ಮಾಡ್ತೀನಿ, ಆ ನೀರಾಗೆ ಏನೂ ಇರಲಿಲ್ಲ."

ಗೈಡು ಕಣ್ಣು ತೆಗೆಯದೆಯೇ ಹೇಳಿದರು:

"ಇತ್ತು ಮಾರಾಯ. ಈ ಹುಡುಗಿಯ ಡಾಕ್ಟರೇಟ್ ಇತ್ತು."