ಷಡ್ಡಕನ ಟ್ಯೂಬು, ನನ್ನ ಕೆನ್ನೆ

ಹಂದಿ ಜ್ವರದ ವರ್ಷ ಹಾರೋಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಮಾಸ್ಕ್ ಕಡ್ಡಾಯವಾಯಿತು. ನಾನು ಅದನ್ನು ಮನೆಯಲ್ಲೂ ಬಿಚ್ಚುತ್ತಿರಲಿಲ್ಲ. ನಮ್ಮೂರು ಮರಳವಾಡಿಯ ಜನ ನನ್ನ ಶಿಸ್ತು ಕಂಡು ತಲೆದೂಗಿದರು. ಒಳಗೆ ಎಡಗೆನ್ನೆಯ ಮೇಲೆ ದುಂಡಗೆ ಹುಳುಕಡ್ಡಿ ಎದ್ದಿದ್ದು ನನಗೂ ಹೆಂಡತಿ ಮಂಜುಳಳಿಗೂ ಮಾತ್ರ ಗೊತ್ತಿತ್ತು.

"ನಮ್ಮ ಪ್ರಕಾಶಪ್ಪನ ಮುಖ ನೋಡಿ, ಹೆಂಗೆ ಹೊಳೀತಾ ಐತೆ!" ಎಂದಳು ಅವಳು.

ಪ್ರಕಾಶ ಅವಳ ತಂಗಿಯ ಗಂಡ, ನನ್ನ ಷಡ್ಡಕ. ಅವನ ಹೊಸ ಬೈಕನ್ನು ಹೇಗೋ ಸಹಿಸಿಕೊಂಡಿದ್ದೆ. ಕೆನ್ನೆಯನ್ನೂ ಸಹಿಸಬೇಕೇ? ಹೊಟ್ಟೆ ಉರಿದುಹೋಯಿತು!

ಅವನು ನಮ್ಮ ಮನೆಗೆ ಬಂದಾಗ ಬ್ಯಾಗಿನಿಂದ ಒಂದು ಟ್ಯೂಬು ಇಣುಕುತ್ತಿತ್ತು. ಓಹೋ, ಹೊಳಪಿನ ಗುಟ್ಟು ಇದೇ! ಹೆಸರು ಬಾಯಿಪಾಠ ಮಾಡಿಕೊಂಡು ಮೆಡಿಕಲ್ ಸ್ಟೋರಿಗೆ ಓಡಿದೆ.

"ಡಾಕ್ಟ್ರಿಗೆ ತೋರಿಸಿದ್ರಾ?" ಎಂದ ಅಂಗಡಿಯವನು.

"ಅಷ್ಟೂ ಗೊತ್ತಾಗಲ್ವೇನಯ್ಯ ನಂಗೆ?" ಎಂದು ಗದರಿ ತಂದು ಬಳಿದುಕೊಂಡೆ.

ಎರಡೇ ದಿನಕ್ಕೆ ತುರಿಕೆ ಮಾಯ! ಖುಷಿಯಲ್ಲಿ ಇನ್ನಷ್ಟು ಬಳಿದೆ. ವಾರ ಕಳೆಯುವಷ್ಟರಲ್ಲಿ ಹುಳುಕಡ್ಡಿ ಕೆನ್ನೆ ದಾಟಿ, ಗಲ್ಲಕ್ಕೆ ಹಬ್ಬಿ, ಕತ್ತಿಗೂ ಇಳಿಯಿತು.

ಅಷ್ಟರಲ್ಲಿ ವಿರೂಪಾಕ್ಷಿಪುರದ ಮಾವನ ಮನೆಯಲ್ಲಿ ಪಿತೃಪಕ್ಷ ಬಂತು. ಅಲ್ಲಿ ಹಿರಿಯರಿಗೆ ಎಡೆ ಇಟ್ಟ ಮೇಲೆ ಮೊದಲ ಎಲೆ ಹಿರಿ ಅಳಿಯನದು. ಪ್ರಕಾಶನಿಗಿಂತ ನಾನು ಮೇಲು ಎನ್ನುವುದಕ್ಕೆ ಭೂಮಿಯ ಮೇಲೆ ಉಳಿದಿದ್ದ ಏಕೈಕ ಸಾಕ್ಷಿ ಅದು. ಕತ್ತಿಗೆ ಮಫ್ಲರ್ ಸುತ್ತಿ, ಮಾಸ್ಕ್ ಏರಿಸಿ, ಮೊದಲ ಎಲೆಯ ಮುಂದೆ ಕೂತೆ.

"ಅದ ತೆಗ್ದು ಉಣ್ಣಿ, ಅಳಿಯಂದ್ರೇ," ಎಂದರು ಅತ್ತೆ.

"ಕಂಪನಿ ಆರ್ಡರ್ ಐತೆ ಅತ್ತೆ, ತೆಗೆಯಂಗಿಲ್ಲ."

ಮಾವ ಎದ್ದು ನಿಂತರು. "ಮಫ್ಲರ್ ಬೇರೆ ಸುತ್ತವ್ರೆ! ಇವ್ರಿಗೆ ಹಂದಿ ಜ್ವರ ಬಂದ್ಬುಟ್ಟೈತೆ ಕಣಮ್ಮಿ! ಜಗಲೀಲಿ ಎಲೆ ಹಾಕು!"

ಜಗಲಿಯಲ್ಲಿ ನನ್ನ ಪಂಕ್ತಿಗೆ ಜೊತೆಯಾಗಿದ್ದು ಅಂಗಳದ ಎರಡು ಕೋಳಿ. ಒಳಗೆ ಮೊದಲ ಎಲೆಗೆ ಪ್ರಕಾಶ! ಅವನಿಗೆ ಅತ್ತೆ ಆರಿಸಿ ಆರಿಸಿ ಮಟನ್ ತುಂಡು ಬಡಿಸುತ್ತಿದ್ದುದನ್ನು ಕಿಟಕಿಯಿಂದ ಕಂಡೆ. ಇನ್ನು ತಡೆಯಲಾಗಲಿಲ್ಲ. ಒಳಗೆ ನುಗ್ಗಿ ಮಾಸ್ಕೂ ಮಫ್ಲರೂ ಕಿತ್ತೆಸೆದೆ.

"ಜ್ವರ ಅಲ್ಲ, ನೋಡ್ಕಳಿ! ಬರೀ ಹುಳುಕಡ್ಡಿ!"

ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು. ಯಾರೂ ನನ್ನನ್ನು ವಾಪಸ್ ಎಲೆಗೆ ಕರೆಯಲಿಲ್ಲ.

"ಏನಣ್ಣ ಇದು, ಏನು ಹಚ್ಚಿದ್ರಿ?" ಎಂದ ಪ್ರಕಾಶ.

"ನಿನ್ನ ಟ್ಯೂಬೇ ಕಣಯ್ಯ!"

"ಅಯ್ಯೋ! ಕೆಲ್ಸದಲ್ಲಿ ಗ್ಲೌಸ್ ಹಾಕಿ ಅಲರ್ಜಿ ಆಗಿತ್ತು, ಅಂಗೈಗೆ ಅಂತ ಡಾಕ್ಟ್ರು ಕೊಟ್ಟಿದ್ದಣ್ಣ ಅದು. ಮುಖಕ್ಕೆ ನಾನು ಬರೀ ನೀರು ಹಾಕದು!"

ಬರೀ ನೀರಂತೆ! ಅದು ಇನ್ನೂ ಉರಿಯಿತು.

ಮರುದಿನ ಕನಕಪುರದ ಚರ್ಮದ ಡಾಕ್ಟರು ನನ್ನ ಮುಖ ನೋಡಿ ಹಣೆ ಚಚ್ಚಿಕೊಂಡರು. "ಅದರಲ್ಲಿ ಸ್ಟೀರಾಯ್ಡ್ ಇದೆ ಕಣ್ರೀ. ತುರಿಕೆ ಅಡಗಿಸುತ್ತೆ, ಹುಳುಕಡ್ಡೀನ ಬೆಳೆಸುತ್ತೆ!" ಬೇರೆ ಮುಲಾಮು, ಮಾತ್ರೆ ಬರೆದು, ನನ್ನ ಟವೆಲ್ಲನ್ನು ಯಾರೂ ಮುಟ್ಟಬಾರದು ಎಂದರು.

ಕೆಲವು ದಿನಕ್ಕೆ ಪ್ರಕಾಶನ ಫೋನು. "ಅಣ್ಣ, ಪಿತೃಪಕ್ಷದ ದಿನ ಮಾವನ ಮನೇಲಿ ನಿಮ್ಮ ಟವೆಲ್ಲಲ್ಲಿ ಮುಖ ಒರೆಸ್ಕಂಡ್ಬುಟ್ಟಿದ್ದೆ. ನಂಗೂ ಬಂದೈತೆ!"

ಅಯ್ಯೋ ಪಾಪ ಎಂದೆ. ಫೋನಿಟ್ಟು ತಟ್ಟೆ ತುಂಬ ಉಂಡೆ. ಬಹಳ ದಿನದ ಮೇಲೆ ಊಟ ರುಚಿಸಿತು.

ಅವನು ಅವತ್ತೇ ಡಾಕ್ಟರ ಹತ್ತಿರ ಹೋದನಂತೆ. ದೀಪಾವಳಿ ಹೊತ್ತಿಗೆ ಅವನ ಕೆನ್ನೆ ಮತ್ತೆ ಹೊಳೆಯುತ್ತಿತ್ತು. ನಾನಿನ್ನೂ ಮಾತ್ರೆ ನುಂಗುತ್ತಿದ್ದೆ.

"ನೋಡಿ," ಎಂದಳು ಮಂಜುಳ, "ಹುಳುಕಡ್ಡಿ ಬಂದ್ರೂ ಅವ್ರಿಗೆ ಎಷ್ಟು ಲಕ್ಷಣವಾಗಿ ಬಂದು ಹೋಯ್ತು!"

ನಾನೇ ಸಾಕಿ ಬೆಳೆಸಿದ ಹುಳುಕಡ್ಡಿ, ಅದೂ ಅವನ ಮಾತೇ ಕೇಳಿತು!